ಕಾರಿನಲ್ಲಿ ಕೂತವರ ಉತ್ತರ

ಅಯೋವಾದ ಆ ಪುಟ್ಟ ಕಾಲೇಜಿನಲ್ಲಿ ವೆರ್ನಾ ಡೈಕ್‌ಸ್ಟ್ರಾ ಹತ್ತೊಂಬತ್ತು ವರ್ಷದಿಂದ ಗುಮಾಸ್ತೆ. ವಿದ್ಯಾರ್ಥಿಗಳು ಓದಿನಲ್ಲಿ ಎಷ್ಟು ಮನಸ್ಸಿಟ್ಟಿದ್ದಾರೆ, ಕಾಲೇಜಿನೊಡನೆ ಎಷ್ಟು ಬೆರೆತಿದ್ದಾರೆ ಎಂದು ಪ್ರತಿವರ್ಷ ಪ್ರಶ್ನೆಪತ್ರಿಕೆ ಹಂಚಿ, ಉತ್ತರ ಒಟ್ಟುಮಾಡುವುದು ಅವಳ ಕೆಲಸ. ಆ ವರ್ಷ ಮೂವರಲ್ಲಿ ಒಬ್ಬರಂತೆಯೂ ಉತ್ತರ ಬಂದಿರಲಿಲ್ಲ. ಇನ್ನಷ್ಟು ಉತ್ತರ ತರಬೇಕೆಂದು ಡೀನ್ ಹಾಲ್ವರ್ಸನ್ ಗೊಣಗಿದರು.

ವೆರ್ನಾ ಉತ್ತರಿಸದವರ ಪಟ್ಟಿ ತೆಗೆದು ನೋಡಿದಳು. ಮುಕ್ಕಾಲು ಪಾಲು ಹಾಸ್ಟೆಲಿನವರಲ್ಲ, ದೂರದೂರುಗಳಿಂದ ಕಾರಿನಲ್ಲಿ ಓಡಾಡುವವರು. ಮರುದಿನವೇ ಫ್ಲಾಸ್ಕಿನ ತುಂಬ ಕಾಫಿ ತುಂಬಿಕೊಂಡು, ಹಿಮದಲ್ಲಿ ಕಾಲೆಳೆಯುತ್ತ, ಕಾರು ನಿಲ್ಲಿಸುವ ಬಯಲಿಗೆ ಹೋದಳು.

ಒಂದು ಹಳೇ ಕಾರಿನಲ್ಲಿ ಇಪ್ಪತ್ತೇಳರ ರೋಕ್ಸಾನ್ ಟಿಬೆಟ್ಸ್ ಬ್ರೆಡ್ಡು ತಿನ್ನುತ್ತ ಕೆಮಿಸ್ಟ್ರಿ ಓದುತ್ತಿದ್ದಳು.

"ಇಲ್ಲಿ ಯಾಕಮ್ಮ ಕೂತಿದೀಯ, ಈ ಚಳೀಲಿ?"

"ಇನ್ನೆಲ್ಲಿ ಕೂರಲಿ? ಕ್ಯಾಂಟೀನಲ್ಲಿ ಎಲ್ಲ ಹುಡುಗು ಮುಂಡೇವು, ನನ್ನನ್ನ ಯಾರದೋ ಅಮ್ಮ ಅಂದ್ಕೊತವೆ." ವೆರ್ನಾ ಕೊಟ್ಟ ಕಾಫಿ ಹೀರಿ ಪ್ರಶ್ನೆಪತ್ರಿಕೆ ಓದಿದಳು. "ತರಗತಿ ಆಚೆ ಮೇಷ್ಟ್ರ ಹತ್ರ ಎಷ್ಟು ಸಲ ಮಾತಾಡಿದೀರಿ ಅಂತೆ! ಅವರು ಸಿಗೋದು ಮೂರು ಗಂಟೆಗೆ. ಮೂರಕ್ಕೆ ನಾನು ಹಂದಿಮಾಂಸದ ಕಾರ್ಖಾನೇಲಿ ಚಾಕು ಹಿಡಿದಿರ್ತೀನಿ."

"ಅದನ್ನೇ ಬರಿ. ಇದ್ದದ್ದು ಇದ್ದ ಹಾಗೆ."

ಎರಡು ವಾರದಲ್ಲಿ ಅಂಥ ಅರವತ್ತೊಂದು ಉತ್ತರ ಕೂಡಿದವು. ಆ ಉತ್ತರಗಳನ್ನು ಕೂಡಿಸಿ ಕಾಲೇಜಿಗೆ ಕೊಡುವ ಅಂಕ ಮಾತ್ರ ದಡಕ್ಕನೆ ಕುಸಿಯಿತು.

"ಅಲ್ರೀ ವೆರ್ನಾ, ಉತ್ತರ ಜಾಸ್ತಿ ತನ್ನಿ ಅಂದ್ರೆ ಮರ್ಯಾದೆ ಕಳೀತೀರಲ್ಲ! ಈ ಅರವತ್ತೊಂದು ಬದಿಗಿಡಿ," ಎಂದರು ಡೀನ್.

ವೆರ್ನಾ ಅರವತ್ತೊಂದನ್ನೂ ಡೀನರ ಮೇಜಿನ ಮೇಲಿಟ್ಟಳು. ಅವಳ ನಿವೃತ್ತಿಗೆ ಇನ್ನೆರಡೇ ವರ್ಷ. "ಬದಿಗಿಡೋದಾದ್ರೆ ನೀವೇ ಇಡಿ ಸಾರ್. ವರದಿ ಮೇಲೆ ನನ್ನ ಹೆಸರು ಬೇಡ."

ಕೊನೆಗೆ ಡೀನ್, ಮುಖ ಗಂಟಿಕ್ಕಿಕೊಂಡೇ, ಪೂರ್ತಿ ಲೆಕ್ಕವನ್ನು ಅಧ್ಯಾಪಕರ ಸಭೆಯ ಮುಂದಿಟ್ಟರು. ಕೆಲವರು ಪ್ರಶ್ನೆಗಳೇ ಸರಿಯಿಲ್ಲವೆಂದರು. ಕೆಮಿಸ್ಟ್ರಿಯ ಮುದುಕ ಓಸ್ಟರ್‌ಗಾರ್ಡ್ ಮಾತ್ರ ವೆರ್ನಾಳತ್ತ ತಿರುಗಿದರು.

"ಮಧ್ಯಾಹ್ನ ಹನ್ನೆರಡಕ್ಕೆ ಈ ಅರವತ್ತೊಂದು ಜನ ಎಲ್ಲಿರ್ತಾರೆ?"

"ಕಾರಲ್ಲಿ, ಸಾರ್."

ಮುಂದಿನ ಸೋಮವಾರದಿಂದ ಓಸ್ಟರ್‌ಗಾರ್ಡರ ಕೋಣೆ ವಿದ್ಯಾರ್ಥಿಗಳಿಗಾಗಿ ಹನ್ನೆರಡಕ್ಕೆ ತೆರೆಯಿತು. ಜೊತೆಯಾದ ಅಧ್ಯಾಪಕರು ಇನ್ನು ಮೂವರೇ. ಉಳಿದವರು ಹಳೆಯ ವೇಳೆಯನ್ನೇ ಹಿಡಿದು ಕೂತರು.

ಮೊದಲ ದಿನ ರೋಕ್ಸಾನ್ ಬಾಗಿಲ ಬಳಿ ಬಂದು ಹಿಂದಿರುಗಿದಳಂತೆ. ಎರಡನೆಯ ವಾರ ಒಳಗೆ ಹೋದಳು. ಆರು ವರ್ಷ ಹಿಡಿಯಿತು, ಆದರೆ ಪದವಿ ಮುಗಿಸಿ ಆಸ್ಪತ್ರೆಯ ರಕ್ತಪರೀಕ್ಷೆಯ ಲ್ಯಾಬು ಸೇರಿದಳು. ಅಷ್ಟರಲ್ಲಿ ವೆರ್ನಾ ನಿವೃತ್ತಳಾಗಿದ್ದಳು. ಪದವಿ ಪ್ರದಾನಕ್ಕೆ ಬಾ ಎಂದು ಅವಳಿಗೆ ರೋಕ್ಸಾನಳ ಕರೆ ಬಂತು. ಹೊಸ ನೀಲಿ ಕೋಟು ತೊಟ್ಟು, ಒಂದು ಗಂಟೆ ಮೊದಲೇ ಹೋಗಿ, ಮುಂದಿನ ಸಾಲಿನಲ್ಲಿ ಕೂತಳು.