ಯಾರೂ ಒತ್ತದ ಬಟನ್

ಗುರುಪುತ್ರಪ್ಪ ಆಯುಷ್ಯದ ಹೆಚ್ಚಿನ ಪಾಲನ್ನು ಬೆಳಗಾವಿ–ಖಾನಾಪುರ ದಾರಿಯಲ್ಲಿ ಬಸ್ಸು ಓಡಿಸಿ ಕಳೆದವರು. ನಿವೃತ್ತರಾಗಿ ರಾಮತೀರ್ಥ ನಗರದ ಮನೆಯಲ್ಲಿ ಕೂತ ಮೇಲೆ ಹೊತ್ತು ಹೋಗುವುದೇ ಕಷ್ಟವಾಯಿತು. ಅವರ ಅಣ್ಣನ ಮಗ ವಿನಯ ಉದ್ಯಮಬಾಗದ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಹವ್ಯಾಸಕ್ಕೆಂದು ಬಿಡಿಭಾಗ ತರಿಸಿ ಪುಟ್ಟ ಸಿಎನ್‌ಸಿ ಮಷಿನ್ ಒಂದನ್ನು ಜೋಡಿಸಿದ್ದ. ಕಂಪ್ಯೂಟರಿನಲ್ಲಿ ಕೊಟ್ಟ ಚಿತ್ರವನ್ನು ಮರದ ಹಲಗೆಯ ಮೇಲೆ ತಾನೇ ಕೊರೆಯುವ ಮಷಿನ್ ಅದು. ಬಾಡಿಗೆ ಮನೆಯಲ್ಲಿ ಅದಕ್ಕೆ ಜಾಗ ಸಾಲದೆ ಕಾಕಾನ ಮುಂದಿನ ಕೋಣೆಗೆ ತಂದಿಟ್ಟ.

ಒಂದು ವರ್ಷ ಕಳೆಯುವುದರೊಳಗೆ ಮಷಿನ್ ಕಾಕಾನದೇ ಆಯಿತು. ಮೊದಮೊದಲು ಗಾಬರಿಯಿಂದ ದೂರ ನಿಲ್ಲುತ್ತಿದ್ದ ಗುರುಪುತ್ರಪ್ಪ ಆಮೇಲೆ ಮನೆ ಮನೆಯ ಹೆಸರಿನ ಫಲಕ, ಜಗಲಿಯ ಮೇಲಿಡುವ ಮಣೆ, ಮಕ್ಕಳಿಗೆ ಅಕ್ಷರದ ತುಂಡು ಎಂದು ಒಂದಲ್ಲ ಒಂದು ಕೊರೆಯುತ್ತಲೇ ಇದ್ದರು. ಕೇಳಿದವರಿಗೆಲ್ಲ ಕೊಟ್ಟರು.

ಆಮೇಲೆ ಅವರಿಗೆ ಲಕ್ವಾ, ಅಂದರೆ ಪಾರ್ಶ್ವವಾಯು, ಹೊಡೆಯಿತು. ಜೀವಕ್ಕೇನೂ ಆಗಲಿಲ್ಲ, ಮಾತೂ ಮರಳಿತು, ನಡಿಗೆ ಮುಕ್ಕಾಲು ಪಾಲು ಸುಧಾರಿಸಿತು. ಬಲಗೈ ಮಾತ್ರ ಹೇಳಿದ ಹಾಗೆ ಕೇಳದಾಯಿತು. ಬೆರಳು ಹಿಡಿದರೆ ಬಿಡುತ್ತಿರಲಿಲ್ಲ, ಬಿಟ್ಟರೆ ಹಿಡಿಯುತ್ತಿರಲಿಲ್ಲ. ಒಮ್ಮೊಮ್ಮೆ ಮೊಣಕೈ ತಾನಾಗಿಯೇ ಜಗ್ಗುತ್ತಿತ್ತು. ಚಹದ ಕಪ್ಪು ಉರುಳಿದರೆ, ಬಾಗಿಲಿಗೆ ಭುಜ ಬಡಿದರೆ, ಯಾರೂ ಏನೂ ಅನ್ನುವ ಮೊದಲೇ ಗುರುಪುತ್ರಪ್ಪ "ನನ್ನ ಕೈ ನೆಟ್ಟಗಿಲ್ಲ" ಎಂದುಬಿಡುತ್ತಿದ್ದರು.

ಮಷಿನ್ ನಡೆಸುವುದು ಲ್ಯಾಪ್‌ಟಾಪಿನಿಂದ. ಕೊರೆಯುವ ಚೂಪು ಮೊನೆ, ಅಂದರೆ ಬಿಟ್, ಮರದ ಗಂಟಿಗೆ ಸಿಕ್ಕಿತೆಂದರೆ ಪರದೆಯ ಮೇಲಿನ ಸಣ್ಣ ಚೌಕಕ್ಕೆ ಬಾಣ ಒಯ್ದು ಒತ್ತಿ ನಿಲ್ಲಿಸಬೇಕು. ಬಲಗೈಯ ಮೌಸು ಪರದೆಯ ತುಂಬ ಅಲೆಯುವ ಹೊತ್ತಿಗೆ ಬಿಟ್ ಮುರಿದು ಹಲಗೆ ಹಾಳಾಗಿರುತ್ತಿತ್ತು. ಎಡಗೈಯಲ್ಲಿ ಮಾಡಿ ನೋಡಿದರು, ಅದೂ ಹೊಂದಲಿಲ್ಲ.

"ಕಾಕಾ, ಬಟನ್ ಹೊರಗ ತೊಗೊಂಡ್ರ ಹೆಂಗ?" ಎಂದು ವಿನಯ ಒಂದು ದಿನ ಕೇಳಿದ. "ಮಷಿನ್ನಿನ ಬೋರ್ಡಿನ್ಯಾಗ ಅದಕ್ಕ ಜಾಗ ಮೊದಲ ಐತಿ. ವೈರ್ ಜೋಡಿಸೂದಷ್ಟ."

"ಎಡಗೈಗೆ ಸಿಗೂ ಹಂಗ ಇರಬೇಕು," ಎಂದರು ಗುರುಪುತ್ರಪ್ಪ. "ಮತ್ತ ಒಂದರ ಬಾಜೂಕ ಒಂದು ಬ್ಯಾಡ. ಗಾಬರಿಯೊಳಗ ಯಾವುದು ಯಾವುದಂತ ನೋಡಾಕ ಆಗೂದಿಲ್ಲ. ಮುಟ್ಟಿದ್ರ ತಿಳೀಬೇಕು."

ಹಾಗೆಯೇ ಆಯಿತು. ಬಟನ್ ಕೂಡಿಸುವ ಮರದ ಪೆಟ್ಟಿಗೆಯನ್ನು ಆ ಮಷಿನ್ನೇ ಕೊರೆಯಿತು. ಮೋಟರ್ ತಿರುಗುತ್ತಿದ್ದಂತೆಯೇ ಬಿಟ್ ಸರಿಯುವುದನ್ನು ತಡೆದು ನಿಲ್ಲಿಸಲು ಉಬ್ಬಿದ ಹಳದಿ ಬಟನ್, ಶುರು ಮಾಡಲು ಮತ್ತು ಮುಂದುವರಿಸಲು ತಗ್ಗಿದ ಹಸಿರು, ಎಲ್ಲವನ್ನೂ ಒಮ್ಮೆಗೇ ಬಂದ್ ಮಾಡಲು ಅಣಬೆಯಂಥ ಕೆಂಪು ಬಟನ್. ವಿನಯ ವೈರುಗಳನ್ನು ಜೋಡಿಸಿ, ಅಚ್ಚುಕಟ್ಟಾಗಿ ಒಟ್ಟುಗೂಡಿಸಿ, ಪ್ಲಾಸ್ಟಿಕ್ ಪಟ್ಟಿಯಿಂದ ಬಿಗಿದು ಕಟ್ಟಿದ. ನೋಡಲು ಕಂಪನಿಯ ಮಾಲಿನ ಹಾಗಿತ್ತು.

ಅದೇ ಸುಮಾರಿಗೆ ಖಾನಾಪುರದ ಸತ್ಯಪ್ಪನಿಂದ ಫೋನು ಬಂತು. ಕುಂಬಾರಿಕೆ ಕೆಲಸದವನು, ಹಿಂದೆ ದಿನಾಲು ಇವರ ಬಸ್ಸಿಗೆ ಬರುತ್ತಿದ್ದವನು. ಗೋಡೆಗೆ ಹಚ್ಚುವ ಮಣ್ಣಿನ ಬಿಲ್ಲೆ ಮಾಡಲು ಅವನಿಗೊಂದು ಮರದ ಅಚ್ಚು ಬೇಕಾಗಿತ್ತು. ಹತ್ತಿರದ ಹಲಸಿ ಊರಿನ ಹಳೆಯ ಗುಡಿಯಲ್ಲಿ ಕಂಡಂಥ ಕಲ್ಲಿನ ಹೂವು ಅದರಲ್ಲಿ ಮೂಡಬೇಕೆಂದು ಫೋಟೋ ಕಳಿಸಿದ. ಕಾಯಿಲೆಯ ನಂತರ ಬಂದ ಮೊದಲ ಕೆಲಸ. ಗುರುಪುತ್ರಪ್ಪ ಒಪ್ಪಿಕೊಂಡರು.

ಸಾಗವಾನಿ ಹಲಗೆ ಬಿಗಿದು ಮಷಿನ್ ಚಾಲೂ ಮಾಡಿದರು. ಮೊದಲ ಎಸಳು ಸರಾಗವಾಗಿ ಬಂತು. ಎರಡನೆಯದರ ನಡುವೆ ಮಷಿನ್ ಇದ್ದಕ್ಕಿದ್ದಂತೆ ನಿಂತಿತು. ಬಿಟ್ ಇದ್ದಲ್ಲೇ ಗಿರಗಿರ ತಿರುಗಿ ಮರ ಸುಟ್ಟು ಕಪ್ಪಾಯಿತು. ಪರದೆಯ ಮೇಲೆ, ತಡೆಯುವ ಬಟನ್ ಒತ್ತಲಾಗಿದೆ ಎಂಬ ಸೂಚನೆ ಕಾಣುತ್ತಿತ್ತು.

ವಾಸನೆಗೆ ಹೆಂಡತಿ ಶಿವಬಸವ್ವ ಅಡುಗೆಮನೆಯಿಂದ ಬಂದಳು. "ಏನಾತ್ರೀ?"

"ನನ್ನ ಕೈನ ತಾಗಿರಬೇಕು."

ಎರಡನೆಯ ಹಲಗೆಯೂ ಹಾಗೆಯೇ ಸುಟ್ಟಿತು. ಮೂರನೆಯದಕ್ಕೆ ಅವರು ಬಲಗೈಯನ್ನು ಅಂಗಿಯ ಗುಂಡಿಗಳ ನಡುವೆ ತೂರಿಸಿಕೊಂಡು ನಿಂತರು. ಆಗಲೂ ಮಷಿನ್ ನಿಂತಿತು. ಮೊಣಕೈ ಸರಿದದ್ದು ತನಗೆ ಗೊತ್ತಾಗಿಲ್ಲ, ಅಷ್ಟೇ ಎಂದುಕೊಂಡರು. ತನ್ನ ಮೈಯ ಒಂದು ಭಾಗ ತನಗೆ ಕಾಣದಂತೆ ಏನೋ ಮಾಡುತ್ತಿದೆ ಎಂಬುದು ಅವರಿಗೆ ಈಗಾಗಲೇ ರೂಢಿಯಾಗಿಹೋಗಿದ್ದ ವಿಚಾರ. ಮಷಿನ್ ಮೇಲೆ ಹಳೆ ಬೆಡ್‌ಶೀಟ್ ಹೊದಿಸಿದರು. ಸತ್ಯಪ್ಪನಿಗೆ ಆಗುವುದಿಲ್ಲವೆಂದು ಹೇಳಿಬಿಡಬೇಕೆಂದು ನಿರ್ಧರಿಸಿದರೂ ಫೋನು ಮಾಡಲು ಮನಸ್ಸು ಬರಲಿಲ್ಲ.

ಬೆಡ್‌ಶೀಟ್ ತೆಗೆದದ್ದು ಶಿವಬಸವ್ವ. ಆಕೆಗೆ ಮಷಿನ್ನಿನ ಬಗ್ಗೆ ವಿಶೇಷ ಅಕ್ಕರೆಯೇನೂ ಇರಲಿಲ್ಲ, ಮನೆತುಂಬ ಅದರ ಹೊಟ್ಟು ಗುಡಿಸುವವಳು ಆಕೆಯೇ. ಆದರೆ ಗಂಡ ಇಡೀ ದಿನ ಕಿಟಕಿಯ ಹತ್ತಿರ ಸುಮ್ಮನೆ ಕೂರುವುದನ್ನು ನೋಡಲಾಗುತ್ತಿರಲಿಲ್ಲ. "ಅದನ್ನ ಚಾಲೂ ಮಾಡಿ ಇಲ್ಲಿ ಬಂದು ಕುಂದರ್ರಿ. ಹೆಂಗೂ ನಿಮ್ಮ ಕೈ ತಿಕ್ಕೂ ಹೊತ್ತಾತು," ಎಂದಳು.

ಗುರುಪುತ್ರಪ್ಪ ಒಂದು ಹಾಳಾದ ಹಲಗೆಯನ್ನೇ ತಿರುವಿ ಹಾಕಿ, ಹಸಿರು ಬಟನ್ ಒತ್ತಿ, ಗೋಡೆಯ ಬದಿಯ ಮಂಚದ ಮೇಲೆ ಬಂದು ಕೂತರು. ಶಿವಬಸವ್ವ ಅವರ ಬಲಗೈಯನ್ನು ತೊಡೆಯ ಮೇಲೆ ತೆಗೆದುಕೊಂಡು ಎಣ್ಣೆ ತಿಕ್ಕತೊಡಗಿದಳು. ಒಂದೊಂದೇ ಬೆರಳು ಬಿಡಿಸಿ, ಮಡಚಿ, ಮತ್ತೆ ಬಿಡಿಸಿ. ಮಷಿನ್ ತನ್ನ ಪಾಡಿಗೆ ಕೊರೆಯುತ್ತಿತ್ತು.

ನಿಂತಿತು.

ಇಬ್ಬರೂ ಅತ್ತ ನೋಡಿದರು. ಶಿವಬಸವ್ವನ ಎಣ್ಣೆಗೈಯಲ್ಲಿ ಗಂಡನ ಬಲಗೈ ಇನ್ನೂ ಹಾಗೆಯೇ ಇತ್ತು.

"ಈಗ ಯಾರು ಒತ್ತಿದ್ರು?" ಎಂದಳು ಆಕೆ.

ಗುರುಪುತ್ರಪ್ಪ ತಕ್ಷಣ ಏಳಲಿಲ್ಲ. ಮರ ಸುಡುವ ವಾಸನೆ ಬಂದಾಗ ಎದ್ದು ಹೋಗಿ ಕೆಂಪು ಬಟನ್ ಒತ್ತಿ, ಮರಳಿ ಬಂದು ಕೂತರು. ಸಂತೋಷವೇನೂ ಆಗಲಿಲ್ಲ. ಯಾರ ಮೇಲೋ ಸಿಟ್ಟು ಬಂದಂತಿತ್ತು, ಯಾರ ಮೇಲೆಂದು ತಿಳಿಯಲಿಲ್ಲ.

ಸುದ್ದಿ ತಿಳಿದು ರವಿವಾರ ವಿನಯ ಬಂದ. ಮೊದಲು ಬಟನ್ ಬಿಚ್ಚಿ ನೋಡಿದ, ಸರಿಯಿತ್ತು. ಬೋರ್ಡು ನೋಡಿದ, ಅದೂ ಸರಿಯಿತ್ತು. ಆಮೇಲೆ ತಾನೇ ಬಿಗಿದ ಅಚ್ಚುಕಟ್ಟಾದ ವೈರಿನ ಕಟ್ಟನ್ನು ತುದಿಯಿಂದ ತುದಿಗೆ ಬೆರಳಾಡಿಸಿ ನೋಡಿದ.

"ತಪ್ಪು ನಂದ ಐತಿ, ಕಾಕಾ. ಮೋಟರಿನ ವೈರು, ಬಟನ್ ವೈರು ಕೂಡಿಸಿ ಕಟ್ಟೀನಿ. ಮೋಟರ್ ತಿರುಗುವಾಗ ಅದರ ಕರೆಂಟು ಬಾಜೂ ವೈರಿಗೂ ಸೋಕತೈತಿ. ಬೋರ್ಡಿಗೆ ಯಾರೋ ಬಟನ್ ಒತ್ತಿದಂಗ ಅನಸ್ತೈತಿ. ಫ್ಯಾಕ್ಟರಿಯೊಳಗ ಇವನ್ನ ದೂರ ದೂರ ಇಡ್ತೇವಿ. ಇಲ್ಲಿ ಚೆಂದ ಕಾಣಲಿ ಅಂತ ಕಟ್ಟಿಬಿಟ್ಟೆ. ನೀವರೆ ನನಗ ಮೊದಲ ಯಾಕ ಹೇಳಲಿಲ್ಲ?"

"ಹೇಳಾಕ ಏನಿತ್ತು? ನಾನ ಒತ್ತೀನಿ ಅಂತ ಒಪ್ಕೊಂಡು ಬಿಟ್ಟಿದ್ದೆ," ಎಂದರು ಗುರುಪುತ್ರಪ್ಪ.

ವಿನಯ ಪಟ್ಟಿಗಳನ್ನು ಕತ್ತರಿಸಿ, ಬಟನ್ನುಗಳಿಗೆ ಲೋಹದ ಜಾಲರಿ ಸುತ್ತಿದ ಬೇರೆ ವೈರು ಹಾಕಿ, ಮಷಿನ್ನಿನ ಇನ್ನೊಂದು ಬದಿಯಿಂದ ಎಳೆದ. ನೋಡಲು ಅಷ್ಟು ಚೆಂದವಿರಲಿಲ್ಲ. ಅವತ್ತು ಸಂಜೆಯವರೆಗೆ ಮಷಿನ್ ತಾನಾಗಿ ನಿಲ್ಲಲಿಲ್ಲ. ನಡುವೆ ಒಮ್ಮೆ ಹೊಟ್ಟು ತುಂಬಿ ಬಿಟ್ ಕೀರಲು ಸದ್ದು ಮಾಡತೊಡಗಿದಾಗ ಗುರುಪುತ್ರಪ್ಪ ಎಡಗೈಯಿಂದ ಹಳದಿ ಬಟನ್ ಒತ್ತಿ, ಬ್ರಷ್ಷಿನಿಂದ ಹೊಟ್ಟು ಸರಿಸಿ, ಹಸಿರು ಒತ್ತಿದರು. ಪರದೆಯ ಕಡೆ ತಿರುಗಲೇ ಇಲ್ಲ.

ಅಚ್ಚು ಸಿದ್ಧವಾದ ಮೇಲೆ ಅದನ್ನು ಅವರೇ ಖಾನಾಪುರಕ್ಕೆ ಒಯ್ದರು. ಕಾಯಿಲೆಯ ನಂತರ ಒಬ್ಬರೇ ಬಸ್ಸು ಹತ್ತಿದ್ದು ಅದೇ ಮೊದಲು. ಸತ್ಯಪ್ಪ ಅಚ್ಚಿನ ಮೇಲೆ ಬೂದಿ ಉದುರಿಸಿ, ಹದ ಮಾಡಿದ ಮಣ್ಣನ್ನು ಅದರೊಳಗೆ ಒತ್ತಿ, ಬೋರಲು ಹಾಕಿ ತಟ್ಟಿದ. ಹೂವು ಬಂತು, ಎರಡು ಎಸಳಿನ ತುದಿ ಮಾತ್ರ ಅಚ್ಚಿನಲ್ಲೇ ಕಚ್ಚಿಕೊಂಡಿತು.

ಸತ್ಯಪ್ಪನ ಕಣ್ಣು ಅವರ ಬಲಗೈಯ ಮೇಲೆ ಹರಿಯಿತು. "ಕೈ ಸರದಿರಬೇಕು, ಬಿಡ್ರಿ. ಇಂಥಾದ್ರಾಗೂ ಇಷ್ಟು ಮಾಡೀರಿ, ಖರೇನ ದೊಡ್ಡದು."

"ಕೈ ಸರದಿಲ್ಲ," ಎಂದರು ಗುರುಪುತ್ರಪ್ಪ. "ತುದಿಗೆ ಆಳ ಜಾಸ್ತಿ ಕೊಟ್ಟೀನಿ. ಲೆಕ್ಕ ತಪ್ಪೈತಿ. ನಿನ್ನ ಮಣ್ಣು ಎಷ್ಟು ಆಳದ ತನಕ ಅಚ್ಚು ಬಿಡತೈತಿ, ಅದನ್ನ ಹೇಳು."

ಸತ್ಯಪ್ಪ ಹಸಿ ಮಣ್ಣಿನ ಉಂಡೆಯಲ್ಲಿ ಹೆಬ್ಬೆರಳು ಊರಿ ತೋರಿಸಿದ. ಗುರುಪುತ್ರಪ್ಪ ಆ ಗುಳಿಯನ್ನು ಎಡಗೈಯ ಬೆರಳಿನಿಂದ ಅಳೆದುಕೊಂಡು, ಅಚ್ಚನ್ನು ಚೀಲಕ್ಕೆ ಹಾಕಿಕೊಂಡು ಬಸ್‌ಸ್ಟ್ಯಾಂಡಿನ ಕಡೆ ನಡೆದರು.