ಒಂದು ಸುತ್ತು ನಾನು, ಒಂದು ಸುತ್ತು ನೀನು

ಅವರ ಎಡಹೆಗಲ ಮೇಲೆ, ಸೆರಗಿಗೆ ಚುಚ್ಚಿದ ಏಳೆಂಟು ಸೂಜಿಗಳು ಸದಾ ಇರುತ್ತಿದ್ದವು. ಒಂದೊಂದರಿಂದಲೂ ಮೊಳದುದ್ದ ದಾರ ಇಳಿಬಿದ್ದು ಗಾಳಿಗೆ ಆಡುತ್ತಿತ್ತು. ಕಣ್ಣು ಮಂಜಾಗಿದ್ದರಿಂದ ದಾರ ಪೋಣಿಸುವುದು ಅವರಿಂದ ಆಗುತ್ತಿರಲಿಲ್ಲ. ಬೆಳಿಗ್ಗೆ ಬಾಗಿಲಿಗೆ ಬಂದವರು ಹಾಲಿನವಳಾಗಲಿ, ಸೊಪ್ಪಿನವಳಾಗಲಿ, ಒಂದು ಸೂಜಿಗಾದರೂ ಪೋಣಿಸಿಕೊಟ್ಟೇ ಹೋಗಬೇಕು. ಹೊಲಿಯುವುದು ಮಾತ್ರ ಬೆರಳ ಅಂದಾಜಿನಲ್ಲೇ.

ದೇವನಹಳ್ಳಿಯಲ್ಲಿ ಅವರದು ನಮ್ಮ ಎದುರು ಮನೆ. ಬೀದಿಗೆಲ್ಲ ಅವರು ನಾನಿ, ಅಂದರೆ ಅಜ್ಜಿ. ಹಳೇ ಸೀರೆ ಪಂಚೆಗಳನ್ನು ಪದರ ಪದರವಾಗಿ ಹಾಸಿ ಬೊಂತೆ ಹೊಲಿಯುವುದರಲ್ಲಿ ಅವರನ್ನು ಮೀರಿಸಿದವರನ್ನು ನಾನು ಕಂಡಿಲ್ಲ.

ನನಗೆ ಹೊಲಿಗೆ ಕಲಿಸಿದವಳು ಅಮ್ಮ. ಎಷ್ಟು ಆಸೆಯಿಂದ ಕಲಿತಿದ್ದೆ! ಯುದ್ಧದ ಕಾಲದಲ್ಲಿ ಗುತ್ತಿಗೆದಾರನೊಡನೆ ಚೌಕಾಸಿ ಮಾಡಿ, ಸಿಪಾಯಿಗಳ ಖಾಕಿ ಅಂಗಿಗೆ ಕಾಜ ಹೊಲಿಯುವ ಕೆಲಸವನ್ನು ಬೀದಿಯ ಹೆಂಗಸರಿಗೆಲ್ಲ ತಂದವಳೂ ನಾನೇ. ಗುಂಡಿ ತೂರಿಸುವ ಆ ಸೀಳಿನ ಸುತ್ತ ಒತ್ತೊತ್ತಾಗಿ, ಬಿಗಿಯಾಗಿ ಹೊಲಿಯಬೇಕು. ಎಲ್ಲಾದರೂ ಸಡಿಲ ಬಿದ್ದರೆ ಅಂಗಿ ವಾಪಸ್ಸು. ಎರಡು ವರ್ಷ ಇದೇ. ಕೊನೆಗೆ ಸೂಜಿ ಕಂಡರೇ ಮೈ ಉರಿಯುತ್ತಿತ್ತು. ಯುದ್ಧ ಮುಗಿದದ್ದೇ ತಡ, ಕತ್ತರಿ, ಸೂಜಿಡಬ್ಬಿ ಎಲ್ಲ ಮಾರಿಬಿಟ್ಟೆ. ಒಳ್ಳೆ ಬೆಲೆಗೇ ಮಾರಿದೆ ಅನ್ನಿ.

ಆ ಚಳಿಗಾಲಕ್ಕೆ ನಾನು ಚೊಚ್ಚಲ ಬಸುರಿ. ಅಮ್ಮ ತೀರಿಕೊಂಡಿದ್ದಳು, ಅವಳದೆಂದು ಉಳಿದದ್ದು ಒಂದು ಹಸಿರು ಸೀರೆ. ಅದು ಹುಟ್ಟುವ ಮಗುವಿನ ಹೊದಿಕೆಯಾಗಬೇಕು, ಅಷ್ಟೇ ನನ್ನ ಆಸೆ. ಆದರೆ ಹೊಲಿಯಲು ಕೈ ಒಪ್ಪಲಿಲ್ಲ. ಸೀರೆಯನ್ನು ತಂದು ನಾನಿಯ ಮುಂದಿಟ್ಟೆ.

"ನೀವೇ ಹೊಲ್ದು ಕೊಡಿ ನಾನಿ. ಆರು ತಿಂಗಳು ನಿಮ್ಮ ಸೂಜಿಗೆಲ್ಲ ನಾನೇ ದಾರ ಹಾಕ್ತೀನಿ."

"ಅರೆ, ವ್ಯಾಪಾರಕ್ಕೆ ಬಂದವ್ಳೆ ನೋಡು! ನಕ್ಕೋ, ಬೇಡ. ಒಂದು ಸುತ್ತು ನಾನು, ಒಂದು ಸುತ್ತು ನೀನು."

"ಮೂರು ನೀವು, ಒಂದು ನಾನು."

"ಮಗು ನಂದಾ, ನಿಂದಾ?"

ಚೌಕಾಸಿಯಲ್ಲಿ ನಾನು ಸೋತದ್ದು ಅದೇ ಮೊದಲು.

ಬೊಂತೆಯ ಹೊಲಿಗೆ ಅಂಚಿನಿಂದ ಶುರುವಾಗಿ, ನಾಲ್ಕೂ ಬದಿ ಸುತ್ತುತ್ತಾ ನಡುವಿಗೆ ಬರಬೇಕು. ನನ್ನ ಮೊದಲ ಸುತ್ತನ್ನು ಒಂದೇ ಮಧ್ಯಾಹ್ನದಲ್ಲಿ ಮುಗಿಸಿ, ಹೊಗಳುತ್ತಾರೆಂದು ಕಾದೆ. ನಾನಿ ಬೆರಳಾಡಿಸಿದರು. ಅಂಚು ಮುದುರಿ ಹಲಗೆಯಂತಾಗಿತ್ತು. ನಡುವೆ ಬಟ್ಟೆ ಉಬ್ಬಿಕೊಂಡಿತ್ತು. ಕಾಜ ಹೊಲಿದ ಹಾಗೆ ಹೊಲಿದಿದ್ದೆ.

"ನಿಂಗೇನು ಸಿಪಾಯಿ ಹುಟ್ತಾನೇನೇ? ಬಿಚ್ಚು."

"ಎಲ್ಲಾನಾ?"

"ಎಲ್ಲಾ. ಹಳೇ ಬಟ್ಟೆ ಇದು, ಬಿಗಿ ಎಳೆದ್ರೆ ಹರಿತದೆ. ದಾರ ಸಡ್ಲ ಬಿಡು ಬೇಟಿ. ನಿನ್ ಬೆನ್ ಹಿಂದೆ ಇಲ್ಲಿ ಯಾವ ಗುತ್ತಿಗೆದಾರಾನೂ ನಿಂತಿಲ್ಲ."

ಆ ಮಾತಿಗೆ ಕಣ್ಣು ತುಂಬಿ ಬಂತು. ಬಿಚ್ಚುತ್ತಾ ಕುಳಿತೆ. ನಾನಿ ಕಾಣದವರಂತೆ ಇದ್ದರು. ಮಂಜುಗಣ್ಣು ಆಗ ಅವರಿಗೆ ಅನುಕೂಲವಾಯಿತು. ಮತ್ತೆ ಶುರುಮಾಡಿದೆ, ಭತ್ತದ ಕಾಳಿನುದ್ದದ ಹೊಲಿಗೆ, ಸಡಿಲವಾಗಿ. ಮೂರನೆಯ ದಿನ ನನ್ನ ಸುತ್ತು ಮುಗಿದದ್ದೇ ತಿಳಿಯದೆ ಮುಂದಕ್ಕೆ ಹೋಗಿಬಿಟ್ಟಿದ್ದೆ.

"ಏಯ್ ಕಳ್ಳಿ, ಅದು ನನ್ ಸುತ್ತು!" ಎಂದು ಕೈಮೇಲೆ ಪಟ್ಟನೆ ಹೊಡೆದರು.

ಅಮ್ಮನ ಬಳಿ ಕಲಿತಾಗಿನ ಹೊಲಿಗೆ ನನಗೆ ಆವತ್ತು ವಾಪಸ್ಸು ಸಿಕ್ಕಿತು. ಹೊಲಿಗೆ ಬೇಸರ ಎನ್ನುವ ಹುಡುಗಿಯರಿಗೆ ಈಗಲೂ ಹೇಳುತ್ತೇನೆ: ಮಾರುವುದಕ್ಕೆ ಹತ್ತು ಹೊಲಿಯಿರಿ, ದರ ಬಿಡಬೇಡಿ. ಆದರೆ ಒಂದನ್ನಾದರೂ ನಿಮ್ಮವರಿಗೆ ನಿಧಾನವಾಗಿ ಹೊಲಿಯಿರಿ.

ಮಗಳು ನಡೆಯಲು ಕಲಿತ ವರ್ಷ ನಾನಿ ಹೋದರು. ಜ್ವರ ನಾಲ್ಕೇ ದಿನ. ನಾವಿಬ್ಬರೂ ಹೊಲಿಯುತ್ತಿದ್ದ ಇನ್ನೊಂದು ಬೊಂತೆಯನ್ನು ಅವರ ಸೊಸೆ ತಂದುಕೊಟ್ಟಳು. ಜೊತೆಗೆ, ಸೆರಗಿನಿಂದ ತೆಗೆದ ಏಳು ಸೂಜಿ. ಅವರು ಹಾಸಿಗೆ ಹಿಡಿಯುವ ಹಿಂದಿನ ಬೆಳಿಗ್ಗೆ ಆ ಏಳಕ್ಕೂ ನಾನೇ ದಾರ ಪೋಣಿಸಿದ್ದೆ.

ಮುಂದಿನ ಸುತ್ತು ಅವರದು. ಆ ಸೂಜಿಗಳಿಂದಲೇ ಹೊಲಿದೆ. ಕೈಮೇಲೆ ಹೊಡೆಯುವವರು ಇರಲಿಲ್ಲ.