ಲಾಡಿಗೆ ಸೋತ ಯಂತ್ರ

ಸೀರೆ ಉಡುವ ಹೆಂಗಸಿನ ಘನತೆಯೆಲ್ಲ ಕೊನೆಗೆ ನಿಂತಿರುವುದು ಲಂಗದ ಲಾಡಿಯ ಮೇಲೆ. ನನ್ನ ಇನ್ಸುಲಿನ್ ಪಂಪನ್ನು ಮಾಡಿದ ಮೇಧಾವಿಗಳಿಗೆ ಇಷ್ಟು ಸಣ್ಣ ಸಂಗತಿ ಗೊತ್ತಿಲ್ಲ. ಅದರ ಜೊತೆ ಬಂದ ಪುಸ್ತಿಕೆಯಲ್ಲಿ ಎಲ್ಲರೂ ಚಡ್ಡಿ ತೊಟ್ಟು ಸಮುದ್ರದಂಡೆಯಲ್ಲಿ ಓಡುತ್ತಿದ್ದಾರೆ, ಅದೂ ನಗುತ್ತಾ. ನೀವೇ ಹೇಳಿ, ನಾಗಪುರದಲ್ಲಿ ಸಮುದ್ರವನ್ನು ಎಲ್ಲಿಂದ ತರಲಿ? ಮಹಾಲ್‌ನ ಹಳೆಪೇಟೆ ಗಲ್ಲಿಯಲ್ಲಿ ಹಾಗೆ ಓಡಹೊರಟರೆ ಮೊದಲನೆಯ ಸ್ಕೂಟರೇ ಕಾಲಿನ ಮೇಲೆ ಹತ್ತುತ್ತದೆ.

ಹನ್ನೆರಡನೆಯ ವಯಸ್ಸಿನಲ್ಲಿ ನನ್ನ ಒಡಲು ಇನ್ಸುಲಿನ್ ತಯಾರಿಸುವುದನ್ನು ನಿಲ್ಲಿಸಿತು. ಅಂದಿನಿಂದ ಸೂಜಿ, ಮೂರು ವರ್ಷದಿಂದ ಈ ಪಂಪು. ಸೊಂಟಕ್ಕೊಂದು ಪುಟ್ಟ ಡಬ್ಬಿ, ಅದರಿಂದ ಹೊಟ್ಟೆಯ ಚರ್ಮದೊಳಕ್ಕೆ ಇಳಿದ ಸಪೂರ ಕೊಳವೆ, ಅದರಲ್ಲಿ ಹಗಲಿರುಳೂ ಹನಿಹನಿಯಾಗಿ ಔಷಧ. ಆದರೂ ಇನ್ಸುಲಿನ್ ತುಂಬಿದ ಸೂಜಿಯ ಪೆನ್ನೊಂದು ಸದಾ ಚೀಲದಲ್ಲಿರಲಿ ಎಂದು ಡಾಕ್ಟರು ಹೇಳಿದ್ದರು. ನಾನು ಸರಕಾರಿ ಕಾರ್ಖಾನೆಯಲ್ಲಿ ಬಿಡಿಭಾಗಗಳ ತಪಾಸಣೆ ಮಾಡುವವಳು. ಕೂದಲೆಳೆಯಷ್ಟು ತಪ್ಪಿದರೂ ಎತ್ತಿ ಆಚೆಗಿಡುವವಳು. ಅಂಥವಳು ಡಾಕ್ಟರ ಮಾತಿಗೆ ನಕ್ಕು, ಪೆನ್ನನ್ನು ಫ್ರಿಜ್ಜಿನಲ್ಲಿ ಕೊತ್ತಂಬರಿಯ ಪಕ್ಕದಲ್ಲಿಟ್ಟು ಮರೆತೆ. ಯಂತ್ರ ಸಿಕ್ಕವರಿಗೆ ಬರುವ ಸೊಕ್ಕು ಅದು, ಬೇರೆ ಹೆಸರಿಲ್ಲ.

ಸಂಕ್ರಾಂತಿಯ ಅರಿಶಿನ-ಕುಂಕುಮ ನನ್ನ ನಾದಿನಿ ಸುಧಾಳ ಮನೆಯಲ್ಲಿ. ಅವಳನ್ನು ಕೊಟ್ಟಿರುವುದು ಮಹಾಲ್‌ನ ಮರಾಠಿ ಮನೆತನಕ್ಕೆ. ಬೆಳಗ್ಗೆ, ಇಲ್ಲಿಯ ಸಂಕ್ರಾಂತಿಯ ರೂಢಿಯಂತೆ ಕಪ್ಪು ಸೀರೆ ಉಟ್ಟು, ಡಬ್ಬಿಯನ್ನು ಲಂಗಕ್ಕೆ ಸಿಕ್ಕಿಸಿ, ಲಾಡಿಯನ್ನು ಎಂದಿನಂತೆ ಎರಡು ಸುತ್ತು ಬಿಗಿದು ಹೊರಟೆ. ನಾಲ್ಕು ಗಂಟೆಗೆ ಹನ್ನೊಂದು ಜನ ಹೆಂಗಸರು ಚಾಪೆಯ ಮೇಲೆ ಸುತ್ತುಗಟ್ಟಿ ಕೂತಿದ್ದರು. ಎಳ್ಳುಂಡೆಯ ತಟ್ಟೆ ನನ್ನ ಮುಂದೆ ಬಂತು. ಬೇಡವೆಂದರೆ ಏಕೆ, ಏನು, ಯಾವಾಗಿನಿಂದ ಎಂದು ಶುರುವಾಗುತ್ತದೆ; ಆಮೇಲೆ ಪ್ರತಿಯೊಬ್ಬರೂ ಹಾಗಲಕಾಯಿ ರಸದ ವೈದ್ಯರಾಗುತ್ತಾರೆ. ಗುಟ್ಟು ಬಲ್ಲವಳು ಸುಧಾ ಒಬ್ಬಳೇ. ಅವಳು ಕಿವಿಯಲ್ಲಿ, "ಬಟನ್ ಒತ್ತಿ ತಿಂದಬಿಡ್ರಿ ವೈನಿ, ಮಶೀನ್ ಐತಲ್ಲ" ಎಂದಳು. ಸಿಹಿಗೆ ತಕ್ಕಷ್ಟು ಔಷಧ ಬಿಡುವ ಬಟನ್ ಒತ್ತಿದೆ. ಎರಡು ಉಂಡೆ, ಮೇಲೊಂದು ಹೋಳಿಗೆ ತಿಂದೆ.

ಸೊಂಟದಲ್ಲಿ ಕೀಂ ಎಂದಿತು. "ಫೋನ್" ಎಂದು ನಕ್ಕು ಸದ್ದು ಅಡಗಿಸಿದೆ. ಮತ್ತೆ ಕೀಂ ಎಂದಿತು, ಮತ್ತೆ ಅಡಗಿಸಿದೆ. ಪಂಪು ಪಾಪ, ಔಷಧ ಹೋಗುತ್ತಿಲ್ಲ ಎಂಬ ನಿಜವನ್ನೇ ಕೂಗಿ ಹೇಳುತ್ತಿತ್ತು. ಸುಳ್ಳು ಹೇಳುತ್ತಿದ್ದವಳು ನಾನು. ಮೂರನೆಯ ಸಲ ಹಿತ್ತಿಲಿಗೆ ಹೋಗಿ ಕಂಪನಿಯ ಸಹಾಯವಾಣಿಗೆ ಫೋನು ಮಾಡಿದೆ.

"ಮೇಡಂ, ಪಂಪ್ ಬೆಲ್ಟ್ ಪೇ ಲಗಾಯಾ ಹೈ ನಾ?" ಪಂಪನ್ನು ಬೆಲ್ಟಿಗೆ ತಾನೆ ಸಿಕ್ಕಿಸಿದ್ದೀರಿ ಎಂದು ಜೇನಿನಂಥ ಹೆಣ್ಣುದನಿ ಹಿಂದಿಯಲ್ಲಿ ಕೇಳಿತು.

ಸೀರೆ ಉಟ್ಟಿದ್ದೇನೆ ಎಂದೆ. ಅವಳ ಮುಂದಿದ್ದ ಹಾಳೆಯಲ್ಲಿ ಸೀರೆಗೆ ಉತ್ತರವಿರಲಿಲ್ಲವೆಂದು ಕಾಣುತ್ತದೆ. ದಯವಿಟ್ಟು ಕಾಯಿರಿ ಎಂದು ಸಂಗೀತ ಹಾಕಿದಳು. ಸೆರಗು ಸರಿಸಿ ನೋಡಿದರೆ, ಬೆಳಗ್ಗೆ ಬಿಗಿದ ಲಾಡಿಯ ಕೆಳಗೆ ಕೊಳವೆ ಮಡಚಿ ಚಪ್ಪಟೆಯಾಗಿತ್ತು. ಎಳೆದ ರಭಸಕ್ಕೆ ಚರ್ಮದಿಂದಲೇ ಕಿತ್ತು ಬಂತು. ಚೀಲದಲ್ಲಿದ್ದ ಮೀಟರಿನಿಂದ ರಕ್ತ ಪರೀಕ್ಷಿಸಿದೆ: ಸಕ್ಕರೆ ಮುನ್ನೂರ ತೊಂಬತ್ತು. ಲಕ್ಷಗಟ್ಟಲೆ ಬೆಲೆಯ ಬುದ್ಧಿವಂತಿಕೆಯನ್ನು ಒಂದು ಮಾರು ಹತ್ತಿಯ ದಾರ ಗೆದ್ದಿತ್ತು. ಕಿವಿಯಲ್ಲಿ ಸಂಗೀತ ಇನ್ನೂ ನಡೆದೇ ಇತ್ತು.

ಒಳಗೆ ಬರುವಷ್ಟರಲ್ಲಿ ಬಾಯಿ ಒಣಗಿತ್ತು. ಗೋಡೆ ಹಿಡಿದು ಕುಸಿದೆ. ಇಂಥ ಹೊತ್ತಿನಲ್ಲಿ ಇನ್ಸುಲಿನ್ ಬೀಳದಿದ್ದರೆ ರಕ್ತ ವಿಷವಾಗುತ್ತಾ ಹೋಗುತ್ತದೆ ಎಂಬುದು ನನಗೆ ಹನ್ನೆರಡನೆಯ ವಯಸ್ಸಿನಿಂದ ಗೊತ್ತು. ನನ್ನ ಮನೆ ಊರಾಚೆ ದೂರದ ಕಾಮಠಿಯಲ್ಲಿ, ಪೆನ್ನು ಕೊತ್ತಂಬರಿಯ ಪಕ್ಕದಲ್ಲಿ. ಇತ್ತ ಸುಧಾ ದೊಡ್ಡ ಲೋಟದ ತುಂಬ ಸಕ್ಕರೆ ಶರಬತ್ತು ಹಿಡಿದು ಓಡಿ ಬಂದಳು. "ಶುಗರ್ ಲೋ ಆಗೇತಿ, ಜಲ್ದಿ ಕುಡೀರಿ!" ಎಂದು ನನ್ನ ತಲೆ ಹಿಡಿದು ತುಟಿಗೇ ಒತ್ತಿದಳು. ಸಿನಿಮಾ ನೋಡಿ ಕಲಿತ ವೈದ್ಯಕೀಯ ಇದು. ಮಧುಮೇಹಿ ಬಿದ್ದರೆ ಬಾಯಿಗೆ ಸಕ್ಕರೆ ಸುರಿ, ಉಳಿದದ್ದು ದೇವರಿಗೆ ಬಿಡು. ನನ್ನ ಪೆದ್ದುತನವೋ ಅದಕ್ಕೂ ಒಂದು ಕೈ ಮೇಲು: ಎಲ್ಲರೆದುರು ರಂಪವಾಗದಿರಲೆಂದು ಒಂದು ಗುಟುಕು ಕುಡಿದೂಬಿಟ್ಟೆ. ಸಭ್ಯತೆಗಾಗಿ ಸಾಯಲು ಹೊರಟ ಹೆಣ್ಣನ್ನು ನೀವು ನೋಡಿರಲಿಕ್ಕಿಲ್ಲ.

ಎರಡನೆಯ ಗುಟುಕಿಗೆ ನಿಜವಾಗಿಯೂ ಹೆದರಿದೆ. ಲೋಟ ತಳ್ಳಿ ಅರಚಿದೆ. ಇಪ್ಪತ್ತು ವರ್ಷ ಆಡಿದ ಮರಾಠಿ ಎಲ್ಲಿ ಹೋಯಿತೋ, ಬಾಯಿಂದ ಬಂದದ್ದು ತವರಿನ ಧಾರವಾಡ ಕನ್ನಡ. "ಸಕ್ಕರಿ ಬ್ಯಾಡಾ! ಏರೇತಿ ನನಗ! ಇನ್ಸುಲಿನ್ ಬೇಕು, ಇನ್ಸುಲಿನ್!"

ಕೂತವರಿಗೆ ತಿಳಿದದ್ದು ಅದೊಂದೇ ಶಬ್ದ.

ಮೊದಲು ಎದ್ದವರು ಮೂರು ಉಂಡೆ ತಿಂದು ಕೈ ಒರೆಸಿಕೊಂಡಿದ್ದ ಶಾಲಾ ಮೇಡಂ. ಪರ್ಸಿನ ಒಳಜೇಬಿನಿಂದ ಇನ್ಸುಲಿನ್ ಪೆನ್ನು ತೆಗೆದರು. ಅಷ್ಟರಲ್ಲಿ ಬಾಗಿಲ ಬಳಿ ಇನ್ನೊಂದು ಪರ್ಸು ತೆರೆಯಿತು. ಮೂರನೆಯವರು ಆ ಮೇಡಂ ಅವರ ಎದುರುಮನೆಯವರು, ಅವರ ಕೈಯಲ್ಲಿದ್ದದ್ದು ಬರುವಾಗ ಅಂಗಡಿಯಿಂದ ಕೊಂಡ, ಸೀಲು ಒಡೆಯದ ಹೊಸ ಪೆನ್ನು, ನಾನು ಬಳಸುವ ಔಷಧವೇ. ಹೊಸ ಸೂಜಿ ಹಾಕಿ, ಎಲ್ಲರೆದುರೇ ಹೊಟ್ಟೆಗೆ ಚುಚ್ಚಿಕೊಂಡೆ. ಸುಧಾ ಆಸ್ಪತ್ರೆಗೆ ಹೋಗಲು ಆಟೊ ಕರೆಯಲು ಓಡಿದಳು.

ಆ ಮೂವರೂ ನನ್ನನ್ನು ನೋಡುತ್ತಿರಲಿಲ್ಲ. ಎಷ್ಟೋ ಸಂಕ್ರಾಂತಿಗಳಲ್ಲಿ ಒಂದೇ ಚಾಪೆಯ ಮೇಲೆ ಒಂದೇ ತಟ್ಟೆಯ ಉಂಡೆ ತಿಂದವರು, ಈಗ ಒಬ್ಬರನ್ನೊಬ್ಬರು ಬಾಯಿ ತೆರೆದು ನೋಡುತ್ತಿದ್ದರು.

"ತುಲಾ ಪಣ?" ಎಂದರು ಮೇಡಂ, ನಿನಗೂ ಈ ಕಾಯಿಲೆ ಇದೆಯಾ ಎಂದು ತಮ್ಮ ಎದುರುಮನೆಯವರಿಗೆ.